ಇಪ್ಪತ್ತೇಳನೆಯ ಉದಾಹರಣೆ

ಯಾವ ಪ್ರೋಗ್ರಾಮ್ ತೆರೆದು ಕೊಟ್ಟರೂ ಅವರು ಮೊದಲು ಒತ್ತುತ್ತಿದ್ದುದು ಒತ್ತಬಾರದ ಬಟನನ್ನೇ. ಹೆಸರು ಬರೆಯುವ ಕಡೆ ಫೋನ್ ನಂಬರ್ ಬರೆಯುತ್ತಿದ್ದರು. ನಂಬರ್ ಬರೆಯುವ ಕಡೆ ಏನೂ ಬರೆಯದೆ ಬಿಡುತ್ತಿದ್ದರು. 'ಸೇವ್' ಎನ್ನುವುದನ್ನು ಒಂದೇ ಉಸಿರಿಗೆ ಐದು ಸಲ ಒತ್ತುತ್ತಿದ್ದರು. ಒಮ್ಮೆಯಂತೂ ಕೀಬೋರ್ಡಿನ ಮೇಲೆ ಊಟದ ಡಬ್ಬಿ ಇಟ್ಟು, ಅದರ ಭಾರಕ್ಕೆ ಒಂದೇ ಅಕ್ಷರ ಸಾಲುಗಟ್ಟಲೆ ಮೂಡುವುದನ್ನು ಸುಮ್ಮನೆ ನೋಡುತ್ತ ಕೂತಿದ್ದರು. "ಅಯ್ಯೋ, ಹಾಗೆಲ್ಲ ಯಾರು ಮಾಡ್ತಾರೆ ಬಿಡಿ," ಅಂದೆ. "ಹೊಸಬರು ಮಾಡತಾರ. ಅವರ ಸಲುವಾಗೇ ಅಲ್ಲೇನ ಇದನ್ನ ಬರದದ್ದು?" ಅಂದರು.

ಅವರು ತೀರಿಕೊಂಡು ಎರಡು ವಾರವಾಯಿತು. ಸುದ್ದಿ ಬಂದಾಗ ನಾನು ಅವರು ಬರೆದಿಟ್ಟಿದ್ದ ಉದಾಹರಣೆ ಪ್ರೋಗ್ರಾಮುಗಳನ್ನು ಮತ್ತೊಂದು ಸಲ ಓರಣ ಮಾಡುತ್ತ ಕೂತಿದ್ದೆ. ಹೆಸರು ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರು ತಗೊಂಡು ಏನ ಮಾಡ್ತಿ, ಮದಲ ಕೋಡ್ ಸರಿ ಮಾಡು" ಎಂದು ಎದ್ದು ಬಂದಾರು. ಪುಣೆಯ ಧನಕವಡಿಯಲ್ಲಿರುವ ನಮ್ಮ ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಎಲ್ಲರೂ ಅವರನ್ನು 'ತಾಈ' ಎನ್ನುತ್ತಿದ್ದರು. ಮೈಸೂರಿನಿಂದ ಆಗಷ್ಟೇ ಬಂದಿದ್ದ ನನ್ನ ಕಿವಿಗೆ ಅದು ತಾಯಿ ಎಂದೇ ಕೇಳಿಸಿತು. ಇಷ್ಟು ಜನ ತಾಯಿ ಎಂದು ಕರೆಯಬೇಕಾದರೆ ಇದೆಂಥ ಮಹಾತಾಯಿಯಪ್ಪಾ ಎಂದುಕೊಂಡು ಮೊದಲ ದಿನ ಕೈಮುಗಿದೇ ಬಿಟ್ಟಿದ್ದೆ. ಮರಾಠಿಯಲ್ಲಿ ತಾಈ ಎಂದರೆ ಅಕ್ಕ ಅಷ್ಟೇ ಎಂದು ತಿಳಿಯುವ ಹೊತ್ತಿಗೆ ನಾಲಿಗೆಗೆ ತಾಯಿಯೇ ರೂಢಿಯಾಗಿತ್ತು. ನಾನು ತಿದ್ದಿಕೊಳ್ಳಲಿಲ್ಲ.

ಅವರು ವಿಜಯಪುರದ ಕಡೆಯವರು. ಮದುವೆಯಾಗಿ ಪಿಂಪ್ರಿಗೆ ಬಂದು, ಅಲ್ಲಿ ಗಾಡಿಯ ಬಿಡಿಭಾಗಗಳಿಗೆ ಬಣ್ಣ ಹಾಕುವ ಒಂದು ಶೆಡ್ಡಿನಲ್ಲಿ ಹದಿನೈದು ವರ್ಷ ದುಡಿದಿದ್ದರು. ಆ ಶೆಡ್ಡು ಮುಚ್ಚಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ನಮ್ಮ ಕೇಂದ್ರಕ್ಕೇ ವಿದ್ಯಾರ್ಥಿಯಾಗಿ ಬಂದು ಕಂಪ್ಯೂಟರ್ ಕಲಿತು, ಅಲ್ಲೇ ಕಲಿಸುವವರಾದರು. ಕನ್ನಡ ಮಾತಾಡಲು ನಾನೊಬ್ಬಳು ಸಿಕ್ಕಿದ್ದು ಅವರಿಗೆ ಹಬ್ಬವಾಗಿತ್ತು. ನನ್ನ ಮೈಸೂರು ಮಾತಿಗೆ ನಗುತ್ತಿದ್ದರು. "ನಿಮ್ಮದು ಭಾಳ ಮೆತ್ತಗಿನ ಕನ್ನಡ ಬಿಡು, ಬೈದರೂ ತಿಳಿಯಂಗಿಲ್ಲ," ಎನ್ನುತ್ತಿದ್ದರು. ಅವರು ಬೈದರೆ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಪ್ರೀತಿ ಇದ್ದಾಗ "ತಂಗಿ, ನೀ". ಸಿಟ್ಟು ಬಂತೋ, "ನೀವು, ಹೇಳ್ರಿ, ಕುಂದರ್ರಿ". ಅವರ ಬಾಯಲ್ಲಿ ಬಹುವಚನ ಬಂದ ಕೂಡಲೇ ಪಕ್ಕದವರೂ ಕುರ್ಚಿ ಸರಿಸಿಕೊಳ್ಳುತ್ತಿದ್ದರು.

ಅವರು ಕಲಿಸುತ್ತಿದ್ದುದು ವಿಂಡೋ ಮಾಡುವುದನ್ನು. ಸ್ಕ್ರೀನಿನ ಮೇಲೆ ಒಂದು ಪೆಟ್ಟಿಗೆ, ಅದರೊಳಗೆ ಬರೆಯಲು ಜಾಗ, ಟಿಕ್ ಮಾಡಲು ಚೌಕ, ಒತ್ತಲು ಬಟನ್ — ಇಷ್ಟನ್ನು ಮೊದಲ ಸಲ ಮಾಡುವವರಿಗಾಗಿ ಅವರು ನಲವತ್ತು ಸಣ್ಣ ಪ್ರೋಗ್ರಾಮುಗಳನ್ನು ಬರೆದಿಟ್ಟಿದ್ದರು. ನಾವು ಅವನ್ನು ಉದಾಹರಣೆ ಎನ್ನುತ್ತಿದ್ದೆವು. ಅವರಿಗೆ ಆ ಮಾತಿನ ಮೇಲೆ ನಂಬಿಕೆ ಇರಲಿಲ್ಲ. "ಉದಾಹರಣಿ ಯಾರೂ ಓದಂಗಿಲ್ಲ ತಂಗಿ. ಒಯ್ದು ಹಚ್ಚತಾರ." ಎತ್ತಿಕೊಂಡು ಹೋಗಿ ಎಲ್ಲಾದರೂ ಬಳಸಿಬಿಡುತ್ತಾರೆ ಎಂದು ಅದರ ಅರ್ಥ. ಹೀಗೆ ಮಾಡಬಾರದು ಎಂದು ತೋರಿಸಲು ನಾನೊಂದು ತಪ್ಪು ಕೋಡ್ ಬರೆದು, ಮೇಲೆ ದೊಡ್ಡದಾಗಿ 'ಇದು ತಪ್ಪು' ಎಂದು ಹಾಕಿದ್ದೆ. ಅದನ್ನು ನನ್ನೆದುರೇ ಅಳಿಸಿ ಹಾಕಿದರು. "ಮ್ಯಾಲಿನ ಸಾಲು ಬಿಟ್ಟು ಕೆಳಗಿಂದಷ್ಟ ಒಯ್ತಾರ," ಅಂದರು. ಎರಡು ದಿನ ನಾನು ಮುಖ ಊದಿಸಿಕೊಂಡಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಈಗಲೂ.

ನಾನು ಸೇರಿದ ವರ್ಷವೇ ಆಫೀಸಿನವರು ನಲವತ್ತು ಉದಾಹರಣೆಗಳನ್ನೂ ಪುಸ್ತಕ ಮಾಡಬೇಕೆಂದು ಹೊರಟರು. ತಾಯಿಯ ಕೋಡಿನಲ್ಲಿ ಎಲ್ಲ ಹೆಸರುಗಳೂ ಮರಾಠಿಯವು. ಪಟ್ಟಿಗೆ ಯಾದಿ, ಹೆಸರಿಗೆ ನಾವ್, ಹೀಗೆ. ಅವನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ, ಅಡ್ಡಾದಿಡ್ಡಿ ಸಾಲುಗಳನ್ನು ನೆಟ್ಟಗೆ ಮಾಡಿ, ಒಪ್ಪವಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನಿನ್ನೂ ಖಾಯಂ ಆಗಿರಲಿಲ್ಲ. ಆರು ತಿಂಗಳ ಪರೀಕ್ಷೆಯ ಅವಧಿಯಲ್ಲಿ ಒಂದು ತಿಂಗಳು ಬಾಕಿ ಇತ್ತು. "ನಿನಗ ಮರಾಠಿ ತಿಳೀತದ, ಕನ್ನಡಂತೂ ನಿಂದ ಅದ. ನೀನ ಮಾಡು. ಆದರ ಒಂದು ಸಾಲು ಸರಿಸಿದರೂ ಎಲ್ಲಾ ಬಟನ್ ಒತ್ತಿ ನೋಡು," ಎಂದು ಫೈಲುಗಳನ್ನು ಕೊಟ್ಟರು. ಕನ್ನಡದ ಮಾತು ಇಲ್ಲೇಕೆ ಬಂತೆಂದು ನಾನು ಯೋಚಿಸಲಿಲ್ಲ.

ಇಪ್ಪತ್ತೇಳನೆಯ ಉದಾಹರಣೆ ಹೀಗಿತ್ತು: ಶಾಲೆಯ ಮಕ್ಕಳು ಪ್ರವಾಸಕ್ಕೆ ಹೋಗಿದ್ದಾರೆ. ಸ್ಕ್ರೀನಿನ ಮೇಲೆ ಐದು ಮಕ್ಕಳ ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಚೌಕ. ಮಗು ಬಸ್ಸಿಗೆ ಮರಳಿ ಬಂದಂತೆ ಟಿಕ್ ಮಾಡಬೇಕು. ಐದೂ ಟಿಕ್ ಬಿದ್ದರೆ ಮಾತ್ರ ಕೆಳಗಿನ 'ಗಾಡಿ ಬಿಡು' ಬಟನ್ ಹಸಿರಾಗುತ್ತದೆ. ಒಂದು ಬಾಕಿ ಇದ್ದರೂ ಬೂದು ಬಣ್ಣದಲ್ಲೇ ಇರುತ್ತದೆ, ಒತ್ತಲು ಬರುವುದಿಲ್ಲ. ಇದಕ್ಕಾಗಿ ಕೋಡಿನಲ್ಲಿ ಒಂದೊಂದೇ ಹೆಸರಿನ ಹತ್ತಿರ ನಿಂತು 'ಬಂದ' ಎಂಬುದನ್ನು ಕೇಳುವ ಒಂದು ಸಾಲಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ, ಬಿ ಎ ಎನ್ ಡಿ ಎ.

ಸುತ್ತಲೂ ಮರಾಠಿ ಹೆಸರುಗಳೇ ಇದ್ದುದರಿಂದ ಇದೂ ಮರಾಠಿಯ ಬಂದ್ ಎಂದು ಓದಿಕೊಂಡೆ. ಅಂದರೆ, ಮುಚ್ಚಿದೆ. ವಿಂಡೋ ಮುಚ್ಚಿದೆಯೇ ಎಂದು ನೋಡುವ ಸಾಲಿರಬೇಕು ಎಂದುಕೊಂಡು ಅದಕ್ಕೆ ಕ್ಲೋಸ್ಡ್ ಎಂದು ಹೆಸರಿಟ್ಟೆ. ಇಟ್ಟ ಮೇಲೆ ನನ್ನ ಬುದ್ಧಿವಂತಿಕೆ ಸುಮ್ಮನಿರಬೇಕಲ್ಲ! ವಿಂಡೋ ಮುಚ್ಚಿದೆಯೋ ಇಲ್ಲವೋ ಎಂದು ಪ್ರತಿ ಹೆಸರಿಗೂ ಯಾಕೆ ಕೇಳಬೇಕು, ಕೊನೆಗೊಮ್ಮೆ ಕೇಳಿದರೆ ಸಾಲದೇ? ಆ ಸಾಲನ್ನು ಎತ್ತಿ, ಹೆಸರುಗಳೆಲ್ಲ ಮುಗಿದ ಮೇಲೆ ಬರುವಂತೆ ಕೆಳಗಿಟ್ಟೆ. ತಾಯಿ ಹೇಳಿದಂತೆ ಒತ್ತಿಯೂ ನೋಡಿದೆ. ಮೇಲಿನಿಂದ ಒಂದು, ಎರಡು, ಮೂರು, ನಾಲ್ಕು, ಐದು ಎಂದು ಓರಣವಾಗಿ ಟಿಕ್ ಮಾಡುತ್ತ ಬಂದೆ. ಐದನೆಯದಕ್ಕೆ ಬಟನ್ ಹಸಿರಾಯಿತು. ಭೇಷ್ ಎಂದುಕೊಂಡು ಶುಕ್ರವಾರ ಕ್ಲಾಸಿನ ಎಲ್ಲ ಕಂಪ್ಯೂಟರುಗಳಿಗೂ ಹಾಕಿಬಿಟ್ಟೆ.

ಶನಿವಾರದ ಕ್ಲಾಸಿನಲ್ಲಿ ಒಬ್ಬ ವಿದ್ಯಾರ್ಥಿ ಸಂಭ್ರಮದಿಂದ ತಾಯಿಯ ಮೇಜಿಗೆ ಬಂದ. ಪಿಂಪ್ರಿಯ ಒಂದು ಪೇಂಟ್ ಶೆಡ್ಡಿನಲ್ಲಿ ಮೇಲ್ವಿಚಾರಕನಾಗಿದ್ದವನು. ಅವರ ಶೆಡ್ಡಿನಲ್ಲಿ ಬಣ್ಣ ಒಣಗಿಸುವ ಭಟ್ಟಿ ಒಂದು ಕೋಣೆಯಷ್ಟು ದೊಡ್ಡದು. ಕಾರ್ಮಿಕರು ಒಳಗೆ ಹೋಗಿ ಸಾಮಾನು ತೂಗುಹಾಕಿ ಹೊರಬಂದ ಮೇಲೆ ಬಾಗಿಲು ಹಾಕಿ ಬಿಸಿ ಮಾಡುತ್ತಾರೆ. ಎಲ್ಲರೂ ಹೊರಬಂದರೇ ಎಂದು ನೋಡಲು ಇಪ್ಪತ್ತೇಳನೆಯ ಉದಾಹರಣೆ ಹೇಳಿ ಮಾಡಿಸಿದಂತಿದೆ ಎಂದು ಅವನು ಮರಾಠಿಯಲ್ಲಿ ಹೇಳಿದ. ಮಕ್ಕಳ ಹೆಸರು ತೆಗೆದು ಏಳು ಕಾರ್ಮಿಕರ ಹೆಸರು ಹಾಕಿದ್ದಾನಂತೆ, ಗಾಡಿ ಬಿಡು ಎಂಬಲ್ಲಿ ಭಟ್ಟಿ ಶುರು ಎಂದು ಬರೆದಿದ್ದಾನಂತೆ. ಸೋಮವಾರದಿಂದ ಬಳಕೆಗೆ ತರುತ್ತಾನಂತೆ. ತಾಯಿ ನಗಲಿಲ್ಲ. ಬಾಯಲ್ಲಿ ಎಣಿಸುವುದನ್ನು ಬಿಡಬೇಡ ಎಂದು ಎರಡು ಸಲ ಹೇಳಿದರು. ಅವನು ಹೂಂ ಹೂಂ ಎನ್ನುತ್ತ ಹೋದ. "ನೋಡಿದೇನ? ಒಯ್ದಾ," ಎಂದು ನನ್ನ ಕಡೆ ತಿರುಗಿದರು. ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ನಾನು ಒಪ್ಪ ಮಾಡಿದ್ದು ಕಾರ್ಖಾನೆಗೆ ಹೋಗುತ್ತಿದೆಯಲ್ಲ ಎಂದು.

ಸೋಮವಾರ ನಾನು ಹೋದಾಗ ಅವರು ಆಗಲೇ ಬಂದು ಇಪ್ಪತ್ತೇಳನ್ನು ತೆರೆದು ಕೂತಿದ್ದರು. ನನ್ನನ್ನು ನೋಡಿದ್ದೇ ಮೌಸ್ ಹಿಡಿದು ಒಂದೇ ಒಂದು ಟಿಕ್ ಮಾಡಿದರು. ಎಲ್ಲಕ್ಕಿಂತ ಕೆಳಗಿನ ಹೆಸರಿಗೆ. ಮೇಲಿನ ನಾಲ್ಕು ಚೌಕಗಳು ಖಾಲಿ ಇದ್ದಂತೆಯೇ ಬಟನ್ ಹಸಿರಾಯಿತು.

"ಯಾರು ಸರಿಸಿದ್ರಿ ಈ ಸಾಲನ್ನ?"

ಬಹುವಚನ. "ನಾನೇ ತಾಯಿ. ಬಂದ್ ಆಗಿದ್ಯಾ ಅಂತ ಪ್ರತಿ ಹೆಸರಿಗೂ ಕೇಳ್ತಿತ್ತು. ಒಂದ್ ಸಲ ಕೇಳಿದ್ರೆ ಸಾಕು ಅಂತ..."

"ಏನು ಬಂದ್?"

"ವಿಂಡೋ..."

"ಅಯ್ಯ ನನ್ನ ಶಿವನೇ! ಕನ್ನಡದಾಗಿನ ಬಂದ ಅದು! ಅಂವ ಬಂದ, ಇಂವ ಬಂದ. ಮರಾಠಿಯವರು ತಪ್ಪು ಓದಿದರ ಓದಲಿ. ನಿಮಗ ತಿಳೀಲಿಲ್ಲೇನ್ರಿ?"

ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ನೆನಪಾದದ್ದು ಭಟ್ಟಿಯಲ್ಲ, ಅದರೊಳಗೆ ಹೋಗುವ ಮನುಷ್ಯರೂ ಅಲ್ಲ. ನನ್ನ ಕೆಲಸ ನೆನಪಾಯಿತು. ಒಂದು ತಿಂಗಳು ಬಾಕಿ ಇದೆ, ಈಗ ಇವರು ಆಫೀಸಿಗೆ ಹೇಳಿದರೆ ಗತಿಯೇನು ಎಂದು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ತಾಯಿ ಆಗಲೇ ಫೋನ್ ಕಿವಿಗಿಟ್ಟಿದ್ದರು. ಆ ಕಡೆ ರಿಂಗಾಗಿ ರಿಂಗಾಗಿ ನಿಂತಿತು. "ಶೆಡ್ಡಿನ್ಯಾಗ ಫೋನ್ ಒಯ್ಯಾಕ ಬಿಡಂಗಿಲ್ಲ. ಕಪಾಟಿನ್ಯಾಗ ಇಟ್ಟಿರತಾನ," ಅಂದರು. ಗೋಡೆಯ ಗಡಿಯಾರ ನೋಡಿದರು. ಒಂಬತ್ತಕ್ಕೆ ಹತ್ತು ನಿಮಿಷ. "ಹತ್ತಕ್ಕ ಭಟ್ಟಿ ಹಚ್ಚತಾರ. ಗಾಡಿ ತಗೀರಿ."

ಧನಕವಡಿಯಿಂದ ಪಿಂಪ್ರಿಗೆ ಅಂದರೆ ಊರಿನ ಈ ತುದಿಯಿಂದ ಆ ತುದಿಗೆ. ಸ್ವಾರಗೇಟ್ ದಾಟುವಷ್ಟರಲ್ಲೇ ಹದಿನೈದು ನಿಮಿಷ ಹೋಯಿತು. ನನ್ನ ಸ್ಕೂಟರಿನ ಹಿಂದೆ ತಾಯಿ ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಕೂತಿದ್ದರು. ಪ್ರತಿ ಸಿಗ್ನಲ್ಲಿನಲ್ಲೂ ಫೋನ್ ಮಾಡುತ್ತಿದ್ದರು, ಪ್ರತಿ ಸಲವೂ ಅದು ಸುಮ್ಮನೆ ರಿಂಗಾಗುತ್ತಿತ್ತು. ಶಿವಾಜಿನಗರದ ಹತ್ತಿರ ಬಸ್ಸೊಂದು ಅಡ್ಡ ನಿಂತು ಯಾರೂ ಅಲ್ಲಾಡದಂತಾಯಿತು. ನಾನು ಹಾರ್ನ್ ಒತ್ತಿದ್ದೇ ಒತ್ತಿದ್ದು. ಪಕ್ಕದವನು ಮರಾಠಿಯಲ್ಲಿ ಏನೋ ಬೈದ. ನಾನು ಕನ್ನಡದಲ್ಲಿ ಅದಕ್ಕಿಂತ ಜೋರಾಗಿ ಬೈದೆ.

"ಬೈಕೋತ ಕುಂದರಬ್ಯಾಡ್ರಿ, ಎಡಕ್ಕ ಜಾಗಾ ಅದ, ತೂರ್ರಿ," ಎಂದರು ತಾಯಿ.

ಖಡಕಿಯ ಹತ್ತಿರ ರಸ್ತೆ ಸ್ವಲ್ಪ ಬಿಟ್ಟುಕೊಟ್ಟಿತು. ಆಗ ಅವರು ನನ್ನ ಕಿವಿಯ ಹತ್ತಿರ ಬಾಗಿ ಮಾತಾಡತೊಡಗಿದರು. ಅಳುಕಿದ್ದರೆ ಅವರು ಹಾಗೆ ಒಂದೇ ಸಮನೆ ಮಾತಾಡುವವರು.

"ನಮ್ಮ ಶೆಡ್ಡಿನ್ಯಾಗೂ ಇಂಥಾದ್ದ ಭಟ್ಟಿ ಇತ್ತು. ನಾ ಸ್ವಿಚ್ಚಿನ ಬಾಜೂಕ ನಿಂದರತಿದ್ದೆ. ಒಬ್ಬೊಬ್ಬಾಂವ ಹೊರಗ ಬಂದಂಗ ಬಾಯಿಲೆ ಎಣಸತಿದ್ದೆ. ಬಂದ, ಬಂದ, ಬಂದ. ಮರಾಠಿ ಮಂದಿ ನಗತಿದ್ರು, ಏನ ಮುಚ್ಚಾಕತ್ತೀರಿ ತಾಈ ಅಂತ. ಮಂದಿ ಎಣಸೂ ಮುಂದ ನನ್ನ ಬಾಯಾಗ ಬ್ಯಾರೆ ಭಾಷಾ ಬರಂಗಿಲ್ರಿ. ಕೋಡ್ ಬರೆಯೂ ಮುಂದನೂ ಅದ ಬಂತು. ಪ್ರವಾಸ ಅಂತ ಬರದೆ, ಹುಡುಗರು ಅಂತ ಬರದೆ, ಖರೇ ಅದು ಭಟ್ಟೀದ ಲೆಕ್ಕ."

ಮತ್ತೊಮ್ಮೆ ಫೋನ್ ಕಿವಿಗಿಟ್ಟು ಇಳಿಸಿದರು.

"ನನಗ ಭಾಳ ಅಂಜಿಕಿ ಆಗೇದ," ಅಂದರು. ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ದಾಪೋಡಿಯ ಸೇತುವೆ ಬಂತು. ದೇವರೇ, ಇದೊಂದು ಸಲ ಎಂದು ಬೇಡಿಕೊಳ್ಳುತ್ತ, ಏನನ್ನು ಬೇಡಬೇಕೆಂದೂ ಸರಿಯಾಗಿ ತಿಳಿಯದೆ, ಸ್ಕೂಟರ್ ಓಡಿಸಿದೆ.

ಶೆಡ್ಡಿನ ಗೇಟು ಮುಟ್ಟಿದಾಗ ಹತ್ತು ದಾಟಿ ಐದು ನಿಮಿಷ. ಕಾವಲುಗಾರ ಯಾರು ಬೇಕು ಎಂದು ಕೇಳುವಷ್ಟರಲ್ಲಿ ತಾಯಿ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದ್ದರು. ಹಿಂದೆಯೇ ನಾನು. ಒಳಗೆ ಫ್ಯಾನಿನ ಗುಂಯ್ ಸದ್ದು. ಭಟ್ಟಿಯ ಬಾಗಿಲು ಹಾಕಿತ್ತು. ಮೇಜಿನ ಹಿಂದಿನಿಂದ ಮೇಲ್ವಿಚಾರಕ ಎದ್ದು ನಿಂತು, "ತಾಈ! ನೀವು ಇಲ್ಲಿ? ನೋಡಿ, ನಿಮ್ಮ ಪ್ರೋಗ್ರಾಮ್ ಎಷ್ಟು ಚೆನ್ನಾಗಿ ನಡೆಯುತ್ತಿದೆ," ಎಂದು ಸ್ಕ್ರೀನ್ ತಿರುಗಿಸಿದ.

ಏಳು ಹೆಸರು. ಆರು ಟಿಕ್. ಮೂರನೆಯ ಚೌಕ ಖಾಲಿ. ಕೆಳಗೆ ಬಟನ್ ಹಸಿರು.

ತಾಯಿ ಸ್ಕ್ರೀನನ್ನು ಒಂದು ಕ್ಷಣಕ್ಕಿಂತ ಹೆಚ್ಚು ನೋಡಲಿಲ್ಲ. ಗೋಡೆಗೆ ಹೋಗಿ ದೊಡ್ಡ ಸ್ವಿಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆಳೆದರು. ಫ್ಯಾನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. "ಬಾಗಿಲು ತೆಗಿ!" ಎಂದು ಮರಾಠಿಯಲ್ಲಿ ಕೂಗಿದರು. ಮೇಲ್ವಿಚಾರಕನಿಗೆ ಆಗ ಹೊಳೆಯಿತು. ಸ್ಕ್ರೀನಿನ ಕಡೆ ನೋಡಿದ, ಭಟ್ಟಿಯ ಕಡೆ ನೋಡಿದ. "ಹಸಿರು ಬಂತಲ್ಲ... ಹಸಿರು ಬಂತು ಅಂತ..." ಎಂದು ಅದನ್ನೇ ಹೇಳುತ್ತ ಬಾಗಿಲಿನ ಹಿಡಿಯನ್ನು ಎಳೆದ.

ಒಳಗಿನ ಬಿಸಿ ಗಾಳಿ ಮುಖಕ್ಕೆ ರಾಚಿತು. ತೂಗುಹಾಕಿದ್ದ ಕಬ್ಬಿಣದ ಸಾಮಾನುಗಳ ಸಾಲು, ಅದರ ಹಿಂದೆ ಕತ್ತಲು. ತಾಯಿ ಆ ಮೂರನೆಯ ಹೆಸರನ್ನು ಕೂಗಿದರು. ಉತ್ತರವಿಲ್ಲ. ಮತ್ತೆ ಕೂಗಿದರು. ಮೇಲ್ವಿಚಾರಕ ಮೊಣಕಾಲೂರಿ ಸಾಮಾನಿನ ಕೆಳಗೆ ಬಗ್ಗಿ ನೋಡುತ್ತಿದ್ದ. ಹೊರಗಿದ್ದ ಆರು ಜನ ಒಬ್ಬರ ಹಿಂದೊಬ್ಬರು ಬಂದು ನಿಂತರು. ತಾಯಿ ಸೆರಗನ್ನು ಮೂಗಿಗೆ ಹಿಡಿದು ಒಳಗೆ ಕಾಲಿಟ್ಟೇ ಬಿಟ್ಟರು. ನಾನು ಹೋಗಲಿಲ್ಲ.

"ಏನಾಯ್ತು?" ಎಂದು ಹಿಂದಿನಿಂದ ಯಾರೋ ಮರಾಠಿಯಲ್ಲಿ ಕೇಳಿದರು.

ತಿರುಗಿ ನೋಡಿದೆ. ಐವತ್ತೈದರ ಆಸುಪಾಸಿನ ಒಬ್ಬ ಮನುಷ್ಯ. ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದು ಬಂದಿದ್ದರು. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರಿಗಿಂತ ಮೊದಲೇ ಭಟ್ಟಿಯಿಂದ ಹೊರಬಂದು ಆ ಕಡೆ ಹೋಗಿದ್ದರಂತೆ. ಮೇಲ್ವಿಚಾರಕ ಅವರನ್ನು ನೋಡಿರಲಿಲ್ಲ. ಬಟನ್ ಹಸಿರಾದ ಮೇಲೆ ನೋಡಬೇಕೆಂದು ಅವನಿಗೆ ಅನ್ನಿಸಿಯೂ ಇರಲಿಲ್ಲ.

ತಾಯಿ ಭಟ್ಟಿಯ ಬಾಗಿಲಲ್ಲಿ ನಿಂತು ಅವರನ್ನು ನೋಡಿದರು. "ಬಂದ," ಅಂದರು, ತಮ್ಮಷ್ಟಕ್ಕೆ. ಆಮೇಲೆ ಅಲ್ಲೇ ಇದ್ದ ಒಂದು ಡಬ್ಬದ ಮೇಲೆ ಕುಸಿದು ಕೂತರು. ನಾನು ಗೋಡೆಗೆ ಮುಖ ಮಾಡಿ ಅತ್ತೆ. ಅಳು ನಿಲ್ಲಿಸಲು ಆಗಲಿಲ್ಲ, ನಿಲ್ಲಿಸಬೇಕೆನ್ನಿಸಲೂ ಇಲ್ಲ.

ಅಷ್ಟಕ್ಕೇ ಮನೆಗೆ ಹೋಗಬಹುದಿತ್ತು. ಯಾರಿಗೂ ಏನೂ ಆಗಿರಲಿಲ್ಲ. ತಾಯಿ ನೀರು ಕುಡಿದು ಎದ್ದರು. ನನ್ನ ಮೊಣಕೈ ಹಿಡಿದು ಆ ಮೂರನೆಯ ಹೆಸರಿನವರ ಮುಂದೆ ತಂದು ನಿಲ್ಲಿಸಿದರು. "ಹೇಳ್ರಿ ಅವರಿಗೆ. ಆಫೀಸಿಗೆ ಏನರೆ ಹೇಳಿಕೋರಿ, ಬಿಡ್ರಿ, ಅದು ನಿಮಗ ಬಿಟ್ಟದ್ದು. ಇವರಿಗೆ ಮಾತ್ರ ನೀವ ಹೇಳಬೇಕು." (ಆಫೀಸಿಗೂ ಆಮೇಲೆ ನಾನೇ ಹೇಳಿದೆ. ಬೈದರು, ಇನ್ನೂ ಮೂರು ತಿಂಗಳು ಕಾಯಿಸಿದರು, ಕೆಲಸ ಉಳಿಯಿತು.)

ನನ್ನ ಹರಕುಮುರುಕು ಮರಾಠಿಯಲ್ಲಿ ಹೇಳಿದೆ. ಇದನ್ನು ಹೀಗೆ ಬರೆದಿದ್ದರು, ನಾನು ಒಂದು ಮಾತನ್ನು ತಪ್ಪು ಓದಿದೆ, ಒಂದು ಸಾಲು ಸರಿಸಿದೆ. ಅದರಿಂದಾಗಿ ಪಟ್ಟಿಯ ಕೊನೆಯ ಹೆಸರೊಂದನ್ನೇ ಇದು ಕೇಳುತ್ತಿತ್ತು. ಮಿಕ್ಕವರು ಒಳಗಿದ್ದಾರೋ ಹೊರಗಿದ್ದಾರೋ ಎಂದು ಕೇಳುತ್ತಲೇ ಇರಲಿಲ್ಲ. ತಪ್ಪು ನನ್ನದು, ಎಂದೆ. ಅವರು ಭುಜದ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಹೆಸರು ಎಷ್ಟನೆಯದು?" ಎಂದು ಕೇಳಿದರು.

"ಮೂರನೆಯದು," ಎಂದೆ.

ಅವರು ಸ್ವಲ್ಪ ಯೋಚಿಸಿದರು. "ಹಾಗಾದರೆ ನನ್ನ ಹೆಸರನ್ನು ಕೊನೆಗೆ ಹಾಕಿ," ಎಂದರು.

ತಮಾಷೆಗೆ ಹೇಳಿದ್ದಲ್ಲ. ಯಾರೂ ನಗಲೂ ಇಲ್ಲ. ತಾಯಿ ನನ್ನ ಮೊಣಕೈಯನ್ನು ಬಿಡದೆ ಹಿಡಿದುಕೊಂಡು ನಿಂತಿದ್ದರು. ಮಿಕ್ಕ ಆರು ಜನ ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬಂದು, ಸ್ಕ್ರೀನಿನ ಮೇಲೆ ಬೆರಳಿಟ್ಟು, ತಮ್ಮ ತಮ್ಮ ಹೆಸರು ಎಷ್ಟನೆಯದು ಎಂದು ಹುಡುಕುತ್ತಿದ್ದರು.